ಓರೆ ಗೋಡೆ, ಚಿಕ್ಕ ಕೋಣೆ: ಮಂಚ ಎಲ್ಲಿ, ಬೀರು ಎಲ್ಲಿ?

ತುಮಕೂರಿನಲ್ಲಿ 20×30ರ ಸೈಟಿನ ಮನೆಗಳಿಗೆ ಕಮ್ಮಿ ಇಲ್ಲ. ಇರುವ 600 ಚದರ ಅಡಿಯಲ್ಲೇ ಮೆಟ್ಟಿಲು, ಸಂಪು, ಗಾಡಿ ನಿಲ್ಲಿಸುವ ಜಾಗ, ಅಡುಗೆಮನೆ, ದೇವರ ಮನೆ ಎಲ್ಲ ಆಗಬೇಕು. ಮಿಕ್ಕಿದ್ದು ಮಲಗುವ ಕೋಣೆಗೆ. ಅದು ಹೆಚ್ಚೂಕಮ್ಮಿ 8×10 ಅಡಿಗೆ ಬಂದು ನಿಲ್ಲುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮನೆಯ ಎರಡನೇ ವಾಸದ ಕೋಣೆ ಕನಿಷ್ಠ 7.5 ಚದರ ಮೀಟರ್ ಇರಬೇಕು, ಅಂದರೆ ಸುಮಾರು 81 ಚದರ ಅಡಿ. ನಮ್ಮ 8×10ರ ಕೋಣೆ ಆ ಅಂಚಿನಲ್ಲೇ ಇದೆ.

ಜಾಗ ಚಿಕ್ಕದು ಅನ್ನುವುದು ಅರ್ಧ ಕಷ್ಟ. ಗೋಡೆಗಳು ನೆಟ್ಟಗಿಲ್ಲದಿರುವುದು ಇನ್ನರ್ಧ. ಪಿಲ್ಲರ್ 9 ಇಂಚು, ಒಳಗೋಡೆ ನಾಲ್ಕೂವರೆ ಇಂಚು. ಹಾಗಾಗಿ ಪಿಲ್ಲರ್ ಒಂದು ಕಡೆ ಹೊರಗೆ ಚಾಚುತ್ತದೆ. ಮೂಲೆಯಲ್ಲೇ ಬಾಗಿಲು, ಪಕ್ಕದ ಗೋಡೆಯಲ್ಲಿ ಬಾತ್‌ರೂಮ್ ಬಾಗಿಲು, ಎದುರಿಗೆ ಕಿಟಕಿ. ಸೈಟೇ ಓರೆ ಇದ್ದರೆ ಒಂದು ಗೋಡೆಯೂ ಅದರ ಜೊತೆ ಓರೆ. ಇಂಥ ಕೋಣೆಗೆ ಸಾಮಾನು ಇಳಿಸಿದ ದಿನ ಸುಮ್ನೆ ಎಲ್ಲವನ್ನೂ ಗೋಡೆಗೆ ಒತ್ತಿ ಇಡುತ್ತೇವೆ. ಆಮೇಲೆ ವರ್ಷಗಟ್ಟಲೆ ಮಂಚದ ಮೂಲೆಗೆ ಮೊಣಕಾಲು ತಾಗಿಸಿಕೊಂಡು ಓಡಾಡುತ್ತೇವೆ.

ಕ್ರಮ ತಿರುಗಿಸಿ ನೋಡಿ. ಮೊದಲು ನಡೆಯುವ ದಾರಿ ಗೊತ್ತು ಮಾಡಿಕೊಳ್ಳಿ. ಸಾಮಾನು ಅದಾದ ಮೇಲೆ.

ಮೊದಲು ಅಳತೆ, ಮೂರು ಎತ್ತರದಲ್ಲಿ

ಒಂದು ಟೇಪು, ಒಂದು ಚೌಕುಳಿ ಗೆರೆಯ ಲೆಕ್ಕದ ಪುಸ್ತಕ ಸಾಕು. ಎರಡು ಚೌಕಕ್ಕೆ ಒಂದು ಅಡಿ ಅಂತ ಇಟ್ಟುಕೊಳ್ಳಿ. ಪ್ರತಿ ಗೋಡೆಯನ್ನೂ ನೆಲದ ಹತ್ತಿರ, ಸೊಂಟದ ಎತ್ತರದಲ್ಲಿ, ತಲೆಯ ಎತ್ತರದಲ್ಲಿ ಅಳೆಯಿರಿ. ಪ್ಲಾಸ್ಟರಿಂಗ್ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಕೆಳಗೆ ಸ್ಕರ್ಟಿಂಗ್ ಟೈಲ್ಸ್ ಕೂಡ ಒಂದಿಷ್ಟು ಜಾಗ ತಿನ್ನುತ್ತದೆ. ಮೂರರಲ್ಲಿ ಯಾವುದು ಕಮ್ಮಿಯೋ ಅದನ್ನೇ ಬರೆದುಕೊಳ್ಳಿ.

ಮೂಲೆ ನೆಟ್ಟಗಿದೆಯಾ ಅಂತ ನೋಡಲು ಗಾರೆ ಕೆಲಸದವರ ಮೂರು-ನಾಲ್ಕು-ಐದರ ಲೆಕ್ಕವೇ ಸಾಕು. ಮೂಲೆಯಿಂದ ಒಂದು ಗೋಡೆಯಲ್ಲಿ 3 ಅಡಿಗೆ, ಇನ್ನೊಂದರಲ್ಲಿ 4 ಅಡಿಗೆ ಪೆನ್ಸಿಲ್ ಗುರುತು ಹಾಕಿ. ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ನೇರ. ಜಾಸ್ತಿ ಬಂದರೆ ಮೂಲೆ ಅಗಲಿದೆ, ಕಮ್ಮಿ ಬಂದರೆ ಮುಚ್ಚಿಕೊಂಡಿದೆ. ನಾಲ್ಕೂ ಮೂಲೆ ನೋಡಿ. ಓರೆ ಯಾವ ಗೋಡೆಯದ್ದು ಅನ್ನುವುದು ಆಗಲೇ ಗೊತ್ತಾಗುತ್ತದೆ. ಕಣ್ಣಳತೆಯನ್ನು ಇಲ್ಲಿ ನಂಬಬೇಡಿ.

ಇನ್ನು ಬಾಗಿಲು. ಅದರ ಅಗಲ ಬರೆದರೆ ಸಾಲದು. ಕೀಲು ಯಾವ ಕಡೆ ಇದೆ, ರೆಕ್ಕೆ ತೆರೆದಾಗ ಎಲ್ಲಿಯವರೆಗೆ ಬರುತ್ತದೆ ಅನ್ನುವುದನ್ನು ಅರ್ಧ ಚಂದ್ರದ ಗೆರೆ ಹಾಕಿ ತೋರಿಸಿ. ಸ್ವಿಚ್ ಬೋರ್ಡು, ಪ್ಲಗ್, ಫ್ಯಾನಿನ ಕೊಕ್ಕೆ, ಸಜ್ಜಾದ ಎತ್ತರ, ಕಿಟಕಿಯ ಕಟ್ಟೆ ನೆಲದಿಂದ ಎಷ್ಟು ಮೇಲಿದೆ, ಎಲ್ಲ ಇರಲಿ.

ಮನೆ ಮಹಡಿಯ ಮೇಲಿದ್ದರೆ ಮೆಟ್ಟಿಲು ತಿರುಗುವ ಜಾಗವನ್ನೂ ಈಗಲೇ ಅಳೆಯಿರಿ. ಮಂಚವನ್ನು ಬಿಚ್ಚಿ ಜೋಡಿಸಬಹುದು. ಆರೂವರೆ ಅಡಿಯ ಸ್ಟೀಲ್ ಬೀರು ಬಿಚ್ಚಲು ಬರುವುದಿಲ್ಲ.

ಪೇಪರ್ ಹಾಸಿ ನಡೆದು ನೋಡಿ

ಹಳೇ ದಿನಪತ್ರಿಕೆ ಹಾಳೆಗಳನ್ನು ಟೇಪು ಹಚ್ಚಿ ಜೋಡಿಸಿ. ಮಂಚದಷ್ಟು ಒಂದು, ಬೀರುವಿನಷ್ಟು ಒಂದು, ಮೇಜಿನಷ್ಟು ಒಂದು ಕತ್ತರಿಸಿ ನೆಲಕ್ಕೆ ಹಾಸಿ. ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ತೂಕದ ಮಂಚವನ್ನು ಮೂರು ಸಲ ಎಳೆದಾಡುವ ಬದಲು ಪೇಪರನ್ನು ಹತ್ತು ಸಲ ಸರಿಸಬಹುದು. ಟೈಲ್ಸಿಗೂ ಗೀರು ಬೀಳುವುದಿಲ್ಲ, ಸೊಂಟವೂ ಹಿಡಿಯುವುದಿಲ್ಲ.

ಹಾಸಿದ ಮೇಲೆ ಬಾಗಿಲಿನಿಂದ ಒಳಗೆ ಬನ್ನಿ. ಕಿಟಕಿಗೆ ಹೋಗಿ ತೆರೆಯಿರಿ. ಬಾತ್‌ರೂಮಿಗೆ ಹೋಗಿ. ಬೀರುವಿನ ಮುಂದೆ ನಿಂತು ಕೆಳಗಿನ ಖಾನೆಯಿಂದ ಬಟ್ಟೆ ತೆಗೆಯುವ ಹಾಗೆ ಬಗ್ಗಿ. ಮುಖ್ಯ ದಾರಿಗೆ 2 ಅಡಿ ಇರಲೇಬೇಕು. ಹಾಸಿಗೆ ಸರಿ ಮಾಡಲು ಪಕ್ಕದಲ್ಲಿ ನುಸುಳುವ ಜಾಗಕ್ಕೆ ಒಂದೂವರೆ ಅಡಿ ನಡೆಯುತ್ತದೆ. ಬೀರುವಿನ ಮುಂದೆ ಎರಡೂವರೆಯಿಂದ ಮೂರು ಅಡಿ ಬೇಕು, ಯಾಕೆಂದರೆ ಅದರ ಒಂದೊಂದು ಬಾಗಿಲೇ ಒಂದೂವರೆ ಅಡಿ. ರಾತ್ರಿ ಲೈಟ್ ಆರಿಸಿ ಒಮ್ಮೆ ನಡೆದು ನೋಡಿ. ಪೇಪರ್ ತುಳಿದ ಸದ್ದಾದರೆ ಅಲ್ಲಿ ನಾಳೆ ಕಾಲು ತಾಗುತ್ತದೆ ಅಂತಲೇ ಅರ್ಥ.

ಮಂಚಕ್ಕೆ ಮೊದಲ ಮರ್ಯಾದೆ

ಅಂಗಡಿಯಲ್ಲಿ ಹೇಳುವುದು ಸಾಮಾನ್ಯವಾಗಿ ಹಾಸಿಗೆಯ ಅಳತೆ. ಸಿಂಗಲ್ ಅಂದರೆ 72×36 ಇಂಚು, ಡಬಲ್ 75×48, ಕ್ವೀನ್ 78×60, ಕಿಂಗ್ 78×72. ಮಂಚದ ಚೌಕಟ್ಟು ಅದಕ್ಕಿಂತ ಮೂರರಿಂದ ಆರು ಇಂಚು ದೊಡ್ಡದು. ತಲೆಯ ಕಡೆ ಬಾಕ್ಸ್ ಇದ್ದರೆ ಇನ್ನೂ ಜಾಸ್ತಿ. ದುಡ್ಡು ಕೊಡುವ ಮುಂಚೆ ಮಂಚದ ಹೊರ ಅಳತೆಯನ್ನು ನೀವೇ ಟೇಪು ಹಿಡಿದು ನೋಡಿ.

ಒಂದು ಕೋಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ದಕ್ಷಿಣದ ಗೋಡೆ 10 ಅಡಿ, ಉತ್ತರದ್ದು ಒಂಬತ್ತೂವರೆ, ಅಂದರೆ ಪಶ್ಚಿಮದ ಗೋಡೆ ಅರ್ಧ ಅಡಿ ಓರೆ. ಅಗಲ 8 ಅಡಿ. ಪೂರ್ವದ ಗೋಡೆಯ ಉತ್ತರದ ತುದಿಗೆ 3 ಅಡಿಯ ಬಾಗಿಲು. ಉತ್ತರದ ಗೋಡೆಯಲ್ಲಿ ಬಾತ್‌ರೂಮ್ ಬಾಗಿಲು. ಪಶ್ಚಿಮಕ್ಕೆ ಕಿಟಕಿ. ನೈರುತ್ಯದ ಮೂಲೆಯಲ್ಲಿ ಪಿಲ್ಲರ್.

ಇಲ್ಲಿ ಬಾಗಿಲಾಗಲಿ ಕಿಟಕಿಯಾಗಲಿ ಇಲ್ಲದ ಉದ್ದನೆಯ ಗೋಡೆ ದಕ್ಷಿಣದ್ದು. ಮಂಚ ಅದರ ಉದ್ದಕ್ಕೇ ಹೋಗಬೇಕು, ತಲೆ ಪೂರ್ವಕ್ಕೆ. ಉತ್ತರಕ್ಕೆ ತಲೆ ಹಾಕಬಾರದು ಅನ್ನುವ ಮನೆಯವರಿಗೂ ಇದು ಒಪ್ಪಿಗೆಯಾಗುತ್ತದೆ. ಬಾಗಿಲುವಾಡ ಬಿಟ್ಟು ಪೂರ್ವದ ಗೋಡೆಯಲ್ಲಿ ಉಳಿಯುವುದು ಸುಮಾರು 57 ಇಂಚು. ಡಬಲ್ ಮಂಚದ ಅಗಲ 51 ಇಂಚು ಅಂತ ಇಟ್ಟುಕೊಂಡರೆ, ಗೋಡೆಯಿಂದ 3 ಇಂಚು ಬಿಟ್ಟರೂ ಸರಿಯಾಗಿ ಕೂರುತ್ತದೆ. ಆ 3 ಇಂಚು ಬೇಕು. ಬೆಡ್‌ಶೀಟ್ ಸಿಕ್ಕಿಸಲು, ಸೊಳ್ಳೆ ಪರದೆ ಒತ್ತಲು, ಗೋಡೆಯ ತೇವ ಹಾಸಿಗೆಗೆ ಹಿಡಿಯದಿರಲು. ಮಂಚದ ಇನ್ನೊಂದು ಪಕ್ಕ ಮೂರೂವರೆ ಅಡಿ ದಾರಿ ಮಿಗುತ್ತದೆ. ಮಗುವಿದ್ದರೆ ರಾತ್ರಿ ಅಲ್ಲೇ ಎರಡೂವರೆ ಅಡಿಯ ಹಾಸಿಗೆ ಬಿಚ್ಚಿ ಹಾಸಬಹುದು.

ಇದೇ ಕೋಣೆಗೆ ಕ್ವೀನ್ ಮಂಚ ತಂದರೆ ಏನಾಗುತ್ತದೆ ನೋಡಿ. ಅದರ ಅಗಲವೇ 63 ಇಂಚು. ಬಾಗಿಲಿನ ಮುಂದಕ್ಕೆ ಅರ್ಧ ಅಡಿ ಚಾಚುತ್ತದೆ, ಒಳಗೆ ಬರುವಾಗಲೆಲ್ಲ ಮೈ ಓರೆ ಮಾಡಿಕೊಂಡು ಬರಬೇಕು. ಮದುವೆಗೆ ಉಡುಗೊರೆಯಾಗಿ ದೊಡ್ಡ ಮಂಚ ಕೊಡುವುದು ನಮ್ಮಲ್ಲಿ ಪ್ರೀತಿಯ ವಾಡಿಕೆ. ಕೊಡುವವರು ಹೆಣ್ಣುಮಗಳ ಹೊಸ ಮನೆಯ ಕೋಣೆಯ ಅಳತೆಯನ್ನು ಮುಂಚೆಯೇ ಕೇಳಿಕೊಂಡರೆ ಎರಡೂ ಮನೆಗೆ ಒಳ್ಳೆಯದು.

ಮಂಚದ ಒಂದು ಪಕ್ಕ ಗೋಡೆಗೆ ಸೇರಿದರೆ ಒಳಗಡೆ ಮಲಗಿದವರು ಇನ್ನೊಬ್ಬರನ್ನು ದಾಟಿ ಬರಬೇಕಾಗುತ್ತದೆ. ನಮ್ಮ ಊರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ದಿನಾ ಹೋಗಿ ಬರುವವರು ತುಂಬಾ ಜನ. ಬೆಳಗಿನ ರೈಲು ಹಿಡಿಯುವವರು ಯಾರೋ ಅವರಿಗೆ ಹೊರಗಿನ ಪಕ್ಕ ಕೊಡಿ. ಮಾರನೇ ದಿನದ ಬಟ್ಟೆ, ಬ್ಯಾಗು, ಪಾಸು ಬಾಗಿಲ ಹತ್ತಿರದ ಗೂಟಕ್ಕೆ ರಾತ್ರಿಯೇ ಹೋಗಲಿ. ಬೀರು ಬಾಗಿಲಿನ ಕಿರ್ ಸದ್ದಿಗೆ ಮಕ್ಕಳು ಏಳುವುದು ತಪ್ಪುತ್ತದೆ.

ಮಂಚದ ಕೆಳಗೆ ಸಾಮಾನು ತುಂಬುವ ಯೋಚನೆ ಇದ್ದರೆ ಡ್ರಾಯರ್ ಇರುವುದಕ್ಕಿಂತ ಹಲಗೆ ಮೇಲೆತ್ತುವಂಥದ್ದೇ ಈ ಕೋಣೆಗೆ ಮೇಲು. ಡ್ರಾಯರ್ ಎಳೆಯಲು ಪಕ್ಕದಲ್ಲಿ ಒಂದೂವರೆ, ಎರಡು ಅಡಿ ಖಾಲಿ ಬೇಕು. ಅಲ್ಲಿ ಮಗು ಮಲಗಿದ್ದರೆ ಬೆಳಗಿನವರೆಗೆ ಏನೂ ತೆಗೆಯಲಾಗದು.

ಬೀರು, ಪಿಲ್ಲರ್, ಓರೆ

ಸ್ಟೀಲ್ ಬೀರು ಸಾಮಾನ್ಯವಾಗಿ 36 ಇಂಚು ಅಗಲ, ಸುಮಾರು 20 ಇಂಚು ಆಳ. ಅದನ್ನು ಬಾತ್‌ರೂಮಿನ ಗೋಡೆಗೆ ಒರಗಿಸಬೇಡಿ. ಆ ಗೋಡೆ ಒಳಗೊಳಗೇ ತೇವ ಹೀರುತ್ತದೆ. ಬೀರುವಿನ ಬೆನ್ನಿಗೆ ತುಕ್ಕು, ಮರದ್ದಾದರೆ ಬೂಷ್ಟು. ರೇಷ್ಮೆ ಸೀರೆಗೆ ಕಲೆ ಬಿದ್ದ ಮೇಲೆ ಕಾರಣ ಹುಡುಕುವುದಕ್ಕಿಂತ ಈಗಲೇ ದೂರ ಇಡುವುದು ವಾಸಿ.

ನಮ್ಮ ಲೆಕ್ಕದ ಕೋಣೆಯಲ್ಲಿ ಮಂಚದ ಕಾಲಿನ ಕಡೆಯಿಂದ ಪಶ್ಚಿಮದ ಗೋಡೆಯವರೆಗೆ ಮೂರೂವರೆ ಅಡಿ ಇದೆ. ಅಲ್ಲೇ, ದಕ್ಷಿಣದ ಗೋಡೆಗೆ ಬೆನ್ನು ಮಾಡಿ ಬೀರು ನಿಲ್ಲಿಸಿ. ಬೀರು ನೈರುತ್ಯದಲ್ಲಿರಬೇಕು ಅನ್ನುವವರಿಗೂ ಸರಿಹೋಯಿತು. ಆದರೆ ಮೂಲೆಯಲ್ಲಿ ಪಿಲ್ಲರ್ ಇದೆಯಲ್ವಾ? ಪಿಲ್ಲರ್ ಪಕ್ಕಕ್ಕೆ ತೂರಿಸಲು ಹೋದರೆ ಜಾಗ ಸಾಲದು. ಬೀರುವನ್ನೇ ನಾಲ್ಕೂವರೆ ಇಂಚು ಮುಂದೆ ತಂದು ಪಿಲ್ಲರ್ ಮುಂದೆ ನಿಲ್ಲಿಸಿ. ಹಿಂದೆ ಉಳಿದ ಸಂದಿನಲ್ಲಿ ಗಾಳಿ ಆಡಲಿ. ಮೇಲೆ ಒಂದು ಹಲಗೆ ಮುಚ್ಚಿದರೆ ಸಾಮಾನು ಹಿಂದೆ ಬೀಳುವುದಿಲ್ಲ.

ಪಶ್ಚಿಮದ ಗೋಡೆಯ ಬಗ್ಗೆ ಇನ್ನೊಂದು ಮಾತು. ಮಧ್ಯಾಹ್ನದ ಬಿಸಿಲಿಗೆ ಕಾದ ಇಟ್ಟಿಗೆ ಗೋಡೆ ಆ ಕಾವನ್ನು ಹೊತ್ತು ಮುಳುಗಿದ ಮೇಲೆ ಒಳಕ್ಕೆ ಬಿಡುತ್ತದೆ. ಏಪ್ರಿಲ್‌ನಲ್ಲಿ ಆ ಗೋಡೆಗೆ ಅಂಟಿಕೊಂಡು ಮಲಗಿದವರಿಗೆ ನಿದ್ದೆ ಬರುವುದಿಲ್ಲ. ಆ ಕಡೆ ಬೀರು ಇರಲಿ, ತಲೆದಿಂಬು ಬೇಡ.

ಓರೆ ಗೋಡೆಗೆ ಸಾಮಾನನ್ನೂ ಓರೆ ಮಾಡಿ ಒತ್ತಿದರೆ ಇಡೀ ಕೋಣೆಯೇ ವಾಲಿದ ಹಾಗೆ ಕಾಣುತ್ತದೆ. ಕಣ್ಣು ಗೋಡೆಗಿಂತ ಮೊದಲು ಟೈಲ್ಸಿನ ಗೆರೆಯನ್ನು ಹಿಡಿಯುತ್ತದೆ. ಹಾಗಾಗಿ ಮಂಚ, ಬೀರು ಎರಡೂ ಟೈಲ್ಸಿನ ಗೆರೆಗೆ ನೇರ ಇರಲಿ. ಗೋಡೆಯ ಕಡೆ ಒಂದು ತುದಿಯಲ್ಲಿ ಒಂದು ಇಂಚು, ಇನ್ನೊಂದು ತುದಿಯಲ್ಲಿ ಮೂರು ಇಂಚು ಸಂದು ಬಿದ್ದರೆ ಬೀಳಲಿ. ಕಿಟಕಿಯ ಪರದೆಯನ್ನು ನೆಲದವರೆಗೆ ಇಳಿಬಿಟ್ಟರೆ ಆ ಸಂದು ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಮೂಲೆಗೆ ಶೆಲ್ಫ್ ಮಾಡಿಸುವುದಾದರೆ ರಟ್ಟನ್ನು ಮೂಲೆಯ ಆಕಾರಕ್ಕೇ ಕತ್ತರಿಸಿ ಬಡಗಿಯ ಕೈಗೆ ಕೊಡಿ. ಬಾಯಲ್ಲಿ ಹೇಳಿದ ಅಳತೆಗೆ ಮಾಡಿದ ಹಲಗೆ ಓರೆ ಮೂಲೆಯಲ್ಲಿ ಕೂರುವುದಿಲ್ಲ.

ಎರಡು ಪಿಲ್ಲರ್ ಒಂದೇ ಗೋಡೆಯಲ್ಲಿ ಚಾಚಿದ್ದರೆ ಅದೃಷ್ಟ ಅಂದುಕೊಳ್ಳಿ. ನಡುವಿನ ನಾಲ್ಕೂವರೆ ಇಂಚಿನ ಆಳದಲ್ಲಿ ಪುಸ್ತಕ, ಔಷಧಿ, ಇಸ್ತ್ರಿ ಪೆಟ್ಟಿಗೆ ಇಡುವ ತೆಳು ಶೆಲ್ಫ್ ಕೂರಿಸಬಹುದು. ದಾರಿಯ ಒಂದು ಇಂಚೂ ಹೋಗುವುದಿಲ್ಲ.

ಬೀರು ನಿಲ್ಲಿಸಿದ ಮೇಲೆ ಅದರ ಮೇಲೆ ರಸಮಟ್ಟ ಇಟ್ಟು ನೋಡಿ. ನೆಲ ಒಂದು ಕಡೆ ಇಳಿಜಾರಿದ್ದರೆ ಬಾಗಿಲು ತಾನೇ ತೆರೆದುಕೊಳ್ಳುತ್ತದೆ. ಕಾಲಿನ ಕೆಳಗೆ ರಬ್ಬರ್ ಚೂರು ಕೊಟ್ಟು ಸಮ ಮಾಡಿ. ಮಕ್ಕಳಿರುವ ಮನೆಯಲ್ಲಿ ಮೇಲ್ಭಾಗವನ್ನು ಎಲ್ ಕ್ಲ್ಯಾಂಪಿನಿಂದ ಗೋಡೆಗೆ ಬಿಗಿಸಲೇಬೇಕು. ಖಾನೆ ಹಿಡಿದು ಹತ್ತುವ ಮಗುವಿನ ಮೇಲೆ ಬೀರು ಉರುಳಬಹುದು.

ಮೆಟ್ಟಿಲ ಕೆಳಗಿನ ಕೋಣೆ, ಪೇಟೆಯ ಹಳೇ ಮನೆ

ಮೆಟ್ಟಿಲ ಕೆಳಗೆ ಸೂರು ಇಳಿಜಾರಿರುವ ಕೋಣೆಯಲ್ಲಿ ತಗ್ಗಿನ ಕಡೆ ಮಂಚದ ಕಾಲು ಬರಲಿ. ಎದ್ದು ಕೂರುವ ಕಡೆ ನೆಲದಿಂದ 5 ಅಡಿಯಾದರೂ ಎತ್ತರ ಇರಬೇಕು. ಬೀರುವನ್ನು ಎತ್ತರದ ಕಡೆಯೇ ಇಡಬೇಕು.

ಚಿಕ್ಕಪೇಟೆಯಂಥ ಹಳೇ ಬೀದಿಗಳ ಮಣ್ಣಿನ ಗೋಡೆಯ ಮನೆಗಳದ್ದು ಬೇರೆ ಲೆಕ್ಕ. ಗೋಡೆ ದಪ್ಪ, ಅಲ್ಲಲ್ಲಿ ಗೂಡು. ಆ ಗೂಡನ್ನು ಮುಚ್ಚಿಸಬೇಡಿ, ಮಂಚವನ್ನು ಅದರ ಪಕ್ಕಕ್ಕೆ ಸರಿಸಿ. ನೀರಿನ ತಂಬಿಗೆ, ಕನ್ನಡಕ, ಫೋನು ಇಡಲು ಬೇರೆ ಸ್ಟೂಲೇ ಬೇಡ. ಮಣ್ಣಿನ ಗೋಡೆಗೆ ಭಾರದ ಶೆಲ್ಫ್ ಹೊಡೆಸಬೇಡಿ, ಮೊಳೆ ಹಿಡಿಯುವುದಿಲ್ಲ. ನೆಲದ ಮೇಲೆ ನಿಲ್ಲುವ ಸ್ಟ್ಯಾಂಡೇ ಇರಲಿ.

ಮೊಳೆ ಹೊಡೆಯುವ ಮುಂಚೆ

ಎಲ್ಲ ಇಟ್ಟ ಮೇಲೆ ಒಂದು ವಾರ ಹಾಗೇ ಮಲಗಿ, ಎದ್ದು, ಓಡಾಡಿ. ಶೆಲ್ಫ್, ಕನ್ನಡಿ, ಗೂಟ ಆಮೇಲೆ. ಸ್ವಿಚ್ ಬೋರ್ಡು ಬೀರುವಿನ ಹಿಂದೆ ಸಿಕ್ಕಿಹಾಕಿಕೊಂಡಿಲ್ಲ ತಾನೆ, ನೋಡಿಕೊಳ್ಳಿ. ಎಕ್ಸ್‌ಟೆನ್ಷನ್ ವೈರನ್ನು ಹಾಸಿಗೆಯ ಕೆಳಗೆ, ಚಾಪೆಯ ಕೆಳಗೆ ಎಳೆಯಬೇಡಿ. ಸಜ್ಜಾದಿಂದ ಸಾಮಾನು ಇಳಿಸುವಾಗ ಸ್ಟೂಲು ಹತ್ತುವ ಮುಂಚೆ ಫ್ಯಾನ್ ಆರಿಸಿ. 8 ಅಡಿಯ ಕೋಣೆಯ ನಡುವೆ 4 ಅಡಿಯ ಫ್ಯಾನ್ ತಿರುಗಿದರೆ ರೆಕ್ಕೆಯ ತುದಿಯಿಂದ ಗೋಡೆಗೆ ಉಳಿಯುವುದು ಎರಡೇ ಅಡಿ.

ಡ್ರಿಲ್ ಮಾಡುವವರು ಬಂದಾಗ ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ ತೂತು ಹಾಕಿಸಬೇಡಿ. ವೈರಿನ ಪೈಪು ಹೆಚ್ಚಾಗಿ ಆ ಗೆರೆಯಲ್ಲೇ ಹೋಗಿರುತ್ತದೆ. ಬಾತ್‌ರೂಮಿನ ಗೋಡೆಯಲ್ಲಿ ನೀರಿನ ಪೈಪು ಇರುತ್ತದೆ, ಅಲ್ಲಿ ಡ್ರಿಲ್ ಬೇಡವೇ ಬೇಡ. ಬಾಡಿಗೆ ಮನೆಯಾದರೆ ಓನರ್‌ಗೆ ಒಂದು ಮಾತು ಹೇಳಿಯೇ ಗೋಡೆ ಮುಟ್ಟಿ. ಬಾಗಿಲಿನ ಕೀಲನ್ನು ಇನ್ನೊಂದು ಕಡೆಗೆ ಬದಲಿಸಿದರೆ ಜಾಗ ಉಳಿಯುತ್ತದೆ ಅನ್ನಿಸಿದರೆ ಅದನ್ನೂ ಆಗಲೇ ಕೇಳಿ. ಬಡಗಿಗೆ ಅದು ದೊಡ್ಡ ಕೆಲಸವೇನಲ್ಲ.