ಖಾಲಿ ಬಾಟಲಿ ಎಣಿಸಿ ಕೈ ಸ್ವಚ್ಛ ಮಾಡಿಸಿದ್ದು: ನನ್ನ ಅನುಭವ

"ಇದೆಲ್ಲ ಆಗೋ ಮಾತಲ್ಲ ಸಿಸ್ಟರ್" ಅಂತ ಅಕೌಂಟ್ಸ್‌ನವರು, ಬೆಡ್ಡುಗಳಿಗೆ ಹ್ಯಾಂಡ್ ರಬ್ ಬಾಟಲಿ (ಕೈಗೆ ಉಜ್ಜಿಕೊಳ್ಳೋ ಆಲ್ಕೋಹಾಲ್ ಸ್ಯಾನಿಟೈಸರ್) ಕೇಳಿದ ನನ್ನ ಫೈಲು ವಾಪಸ್ ಕೊಟ್ಟಿದ್ದು 2024ರ ಜನವರಿಯಲ್ಲಿ. ಅದೇ ಫೈಲಿಗೆ ಏಪ್ರಿಲ್‌ನಲ್ಲಿ ಅವರೇ ಸಹಿ ಹಾಕಿದರು. ಈ ನಡುವೆ ಏನಾಯಿತು, ಅದಕ್ಕೂ ಮೊದಲು ನಾನು ಎಷ್ಟು ದುಡ್ಡು, ಎಷ್ಟು ಸಮಯ ಕಳೆದೆ ಅನ್ನೋದನ್ನು ಬರೆದಿಡಬೇಕು ಅನಿಸಿತು. ನನ್ನ ಹಾಗೆ ಇನ್ಫೆಕ್ಷನ್ ಕಂಟ್ರೋಲ್, ಅಂದರೆ ಆಸ್ಪತ್ರೆಯಲ್ಲಿ ಸೋಂಕು ಹರಡದ ಹಾಗೆ ನೋಡಿಕೊಳ್ಳೋ ಕೆಲಸ ಮಾಡೋ ಸಿಸ್ಟರ್‌ಗಳಿಗೆ ಉಪಯೋಗ ಆಗಬಹುದು.

ನಮ್ಮದು ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ 80 ಬೆಡ್ಡಿನ ಆಸ್ಪತ್ರೆ. 12 ಬೆಡ್ಡಿನ ಐಸಿಯು ಇದೆ. ನಾನು ಇಲ್ಲಿ 2019ರಿಂದ ಇದ್ದೇನೆ. ಹ್ಯಾಂಡ್ ಹೈಜೀನ್‌ನ, ಅಂದರೆ ಕೈ ಸ್ವಚ್ಛ ಮಾಡಿಕೊಳ್ಳಲೇಬೇಕಾದ ಐದು ಸಂದರ್ಭಗಳು ನಿಮಗೆಲ್ಲ ಬಾಯಿಪಾಠ, ಅದನ್ನು ಮತ್ತೆ ಹೇಳೋದಿಲ್ಲ. ನಮ್ಮ ವಾರ್ಡಿನ ಹುಡುಗಿಯರಿಗೂ ಬಾಯಿಪಾಠ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಹೇಳೋದು ಬೇರೆ, ಮಾಡೋದು ಬೇರೆ.

ಎರಡು ವರ್ಷ ಕ್ಲಿಪ್‌ಬೋರ್ಡ್ ಹಿಡಿದು ಆಡಿಟ್ ಮಾಡಿದೆ. ಕೈ ಸ್ವಚ್ಛ ಮಾಡಿಕೊಳ್ಳಬೇಕಾದ ಕಡೆ ಎಷ್ಟು ಸಲ ಮಾಡಿಕೊಂಡರು ಅನ್ನೋ ಲೆಕ್ಕ ಮೊದಲ ತಿಂಗಳು 40 ಪರ್ಸೆಂಟ್ ಚಿಲ್ಲರೆ ಬಂತು. ಮೇ 5ಕ್ಕೆ ಹ್ಯಾಂಡ್ ಹೈಜೀನ್ ದಿನ ಮಾಡಿದೆವು, ಪೋಸ್ಟರ್ ಅಂಟಿಸಿದೆವು, ಪ್ರಮಾಣವಚನ ತೆಗೆದುಕೊಂಡೆವು. ಆಡಿಟ್ 80 ದಾಟಿತು. ಮೀಟಿಂಗಲ್ಲಿ ಚಪ್ಪಾಳೆ ಹೊಡೆದರು. ಆದರೆ ಐಸಿಯುನಲ್ಲಿ ಲೈನ್ ಇನ್ಫೆಕ್ಷನ್ (ರಕ್ತನಾಳಕ್ಕೆ ಹಾಕಿದ ಟ್ಯೂಬಿನಿಂದ ಬರೋ ಸೋಂಕು) ಒಂದೂ ಕಡಿಮೆ ಆಗಿರಲಿಲ್ಲ. ನಾನು ವಾರ್ಡಿಗೆ ಕಾಲಿಟ್ಟರೆ ಎಲ್ಲರ ಕೈಯೂ ಪಂಪಿನ ಮೇಲೆ. ನಾನು ತಿರುಗಿದ ಮೇಲೆ ಯಾರು ನೋಡುತ್ತಾರೆ?

ಒಂದು ಶನಿವಾರ ಸ್ಟೋರ್‌ನಲ್ಲಿ ಕೂತು ಹ್ಯಾಂಡ್ ರಬ್ ಇಂಡೆಂಟ್ (ವಾರ್ಡುಗಳು ತರಿಸಿಕೊಂಡ ಲೆಕ್ಕ) ತೆಗೆದು ನೋಡಿದೆ. ಇಡೀ ಆಸ್ಪತ್ರೆಗೆ ತಿಂಗಳಿಗೆ ಸುಮಾರು 20 ಬಾಟಲಿ, ಅರ್ಧ ಲೀಟರಿನವು. ಅಂದರೆ 10 ಲೀಟರ್. ಒಂದು ಸಲ ಸರಿಯಾಗಿ ಉಜ್ಜಿಕೊಳ್ಳೋಕೆ 3 ಎಂ.ಎಲ್. ಬೇಕು. ನಮ್ಮಲ್ಲಿ ತಿಂಗಳಿಗೆ 1,700ರ ಹತ್ತಿರ ಪೇಷಂಟ್ ಡೇ (ಒಬ್ಬ ರೋಗಿ ಒಂದು ದಿನ ಇದ್ದರೆ ಒಂದು ಅಂತ ಲೆಕ್ಕ). ಭಾಗಿಸಿ ನೋಡಿದರೆ ಒಬ್ಬ ರೋಗಿಗೆ ದಿನಕ್ಕೆ ಎರಡು ಸಲ! ಡಾಕ್ಟರು, ಸಿಸ್ಟರು, ಟೆಕ್ನಿಷಿಯನ್ನು, ಆಯಮ್ಮ ಎಲ್ಲ ಸೇರಿ ಎರಡು ಸಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನೇ ಸಹಿ ಮಾಡಿದ 80 ಪರ್ಸೆಂಟ್ ಕಣ್ಣ ಮುಂದೆ ಬರುತ್ತಿತ್ತು.

ಅವತ್ತಿನಿಂದ ಕ್ಲಿಪ್‌ಬೋರ್ಡ್ ಬಿಟ್ಟೆ. ಖಾಲಿ ಬಾಟಲಿ ವಾಪಸ್ ಕೊಟ್ಟರೆ ಮಾತ್ರ ಹೊಸ ಬಾಟಲಿ. ಪ್ರತಿ ಶನಿವಾರ ವಾರ್ಡ್‌ವಾರು ಎಣಿಕೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 1,000 ಪೇಷಂಟ್ ಡೇಗೆ ಕನಿಷ್ಠ 20 ಲೀಟರ್. ನಾವಿದ್ದಿದ್ದು ಆರರಲ್ಲಿ.

ಎಣಿಸಿದ ಮಾತ್ರಕ್ಕೆ ಜಾಸ್ತಿ ಆಗೋದಿಲ್ಲ ಅಲ್ವಾ? ಬಾಟಲಿ ಎಲ್ಲಿದೆ ಅನ್ನೋದೇ ಮುಖ್ಯ. ಅದಕ್ಕೂ ಮೊದಲೇ ಬಾಗಿಲ ಪಕ್ಕದ ಗೋಡೆಗೆ 30 ಸೆನ್ಸರ್ ಡಿಸ್ಪೆನ್ಸರ್ ಹಾಕಿಸಿದ್ದೆ. ಐವತ್ತು ಸಾವಿರದ ಮೇಲೆ ಖರ್ಚಾಯಿತು. ಆರು ತಿಂಗಳಲ್ಲಿ ಅರ್ಧ ಕೆಟ್ಟವು. ಬ್ಯಾಟರಿ ಹಾಕೋರಿಲ್ಲ, ಕೆಳಗೆ ಸೋರಿ ನೆಲ ಜಾರುತ್ತಿತ್ತು. ಅದು ಹಾಗಿರಲಿ, ಬಾಗಿಲಲ್ಲಿ ಉಜ್ಜಿಕೊಂಡವರು ಬೆಡ್ ತಲುಪೋದರೊಳಗೆ ಪರದೆ, ಫೋನು, ಫೈಲು ಎಲ್ಲ ಮುಟ್ಟಿರುತ್ತಾರೆ. ಆಮೇಲೆ ಜೇಬಿನ ಬಾಟಲಿ ಕೊಟ್ಟೆ. ಎರಡು ವಾರದಲ್ಲಿ ಎಲ್ಲವೂ ಮನೆ ಸೇರಿದವು.

ಕೊನೆಗೆ ಕಾಮಾಕ್ಷಿಪಾಳ್ಯದ ಒಂದು ಸಣ್ಣ ವರ್ಕ್‌ಶಾಪಿಗೆ ಹೋಗಿ ಸ್ಟೀಲ್ ಕ್ಲಾಂಪ್ ಮಾಡಿಸಿದೆ. ಒಂದಕ್ಕೆ 90 ರೂಪಾಯಿ ಆಗಿರಬೇಕು. ನನ್ನ ಕೈಯಿಂದಲೇ ದುಡ್ಡು ಹಾಕಿ ಮೊದಲು ಹತ್ತು ಮಾಡಿಸಿ, ಬೆಡ್ಡಿನ ತಲೆ ಕಡೆ ಸಿಕ್ಕಿಸಿದೆ. ಅದು ತಪ್ಪು. ತಲೆ ಕಡೆ ಲಾಕರ್, ಫ್ಲಾಸ್ಕು, ಬಾಳೆಹಣ್ಣು, ರೋಗಿಯ ಜೊತೆಗಿರೋ ಅಟೆಂಡರ್‌ನ ಚಾರ್ಜರ್. ಕೈ ಹೋಗೋ ಜಾಗವೇ ಅಲ್ಲ. ಕಾಲು ಕಡೆಯ ರೇಲಿಗೆ, ಕೇಸ್ ಶೀಟ್ ನೇತು ಹಾಕೋ ಪಕ್ಕಕ್ಕೆ ತಂದೆ. ಡಾಕ್ಟರಾಗಲಿ ಸಿಸ್ಟರಾಗಲಿ ರೋಗಿ ಹತ್ತಿರ ಹೋಗೋ ಮುಂಚೆ ನಿಲ್ಲೋದು ಅಲ್ಲೇ, ಬರುವಾಗ ತಿರುಗೋದೂ ಅಲ್ಲೇ. ಹತ್ತೇ ದಿನಕ್ಕೆ ಆ ಹತ್ತು ಬೆಡ್ಡಿನ ಬಾಟಲಿಗಳು ಮೂರು ಪಟ್ಟು ಬೇಗ ಖಾಲಿಯಾದವು.

ಖಾಲಿ ಮಾಡಿದ್ದು ಅಟೆಂಡರ್‌ಗಳು ಅಂತ ಎಲ್ಲರೂ ಅಂದರು. ಸ್ವಲ್ಪ ನಿಜ, ನೀರಿನ ಬಾಟಲಿಗೆ ತುಂಬಿಕೊಂಡು ಹೋಗೋರು ಇದ್ದರು. ಪಂಪಿನ ಕುತ್ತಿಗೆಗೆ ಒಂದು ಸಣ್ಣ ಉಪಾಯ ಮಾಡಿ ಅದನ್ನು ನಿಲ್ಲಿಸಿದೆ. ಉಪಾಯ ಏನು ಅಂತ ಇಲ್ಲಿ ಬರೆಯೋದಿಲ್ಲ, ಬರೆದರೆ ಅಟೆಂಡರ್‌ಗಳೂ ಓದುತ್ತಾರೆ. ಗೊಂದಲದಲ್ಲಿರುವ, ಕುಡಿತದ ಚಟ ಇರುವ ರೋಗಿಗಳ ಬೆಡ್ಡಿಗೆ ಮಾತ್ರ ಬಾಟಲಿ ಬೇಡವೇ ಬೇಡ, ಕುಡಿದುಬಿಟ್ಟಾರು. ಅಲ್ಲಿ ಸಿಸ್ಟರ್ ಟ್ರಾಲಿಯಲ್ಲಿ ಇಡಿ.

ಉಳಿದ 70 ಬೆಡ್ಡಿಗೆ ಕ್ಲಾಂಪ್, ಜೊತೆಗೆ ಜಾಸ್ತಿ ಬಾಟಲಿ ಕೇಳಿದ ಫೈಲೇ ಜನವರಿಯಲ್ಲಿ ವಾಪಸ್ ಬಂದಿದ್ದು. ಆಮೇಲೆ ಮಾರ್ಚ್ ಬಂತು. ಆ ವರ್ಷದ ಬೇಸಿಗೆ ಬೆಂಗಳೂರಿನವರಿಗೆ ಮರೆಯೋದಿಲ್ಲ. ನಮ್ಮ ಎರಡು ಬೋರ್‌ವೆಲ್‌ನಲ್ಲಿ ಒಂದು ಬತ್ತಿತು. ಟ್ಯಾಂಕರ್‌ಗೆ ಕಾದು ಕೂರೋದು, ಹೇಳಿದ ರೇಟು ಕೊಡೋದು. ಆಗ ನಾನು ಐಸಿಯು ಸಿಂಕಿನ ಕೆಳಗಿನ ಪೈಪ್ ಬಿಚ್ಚಿಸಿ ಬಕೆಟ್ ಇಟ್ಟೆ. ಸೋಪು ಹಾಕಿ 40ರಿಂದ 60 ಸೆಕೆಂಡ್ ನಿಯಮದ ಪ್ರಕಾರ ಕೈ ತೊಳೆದರೆ ಸಲಕ್ಕೆ ಮೂರೂವರೆಯಿಂದ ನಾಲ್ಕು ಲೀಟರ್ ನೀರು ಬಕೆಟ್ಟಿಗೆ ಬೀಳುತ್ತಿತ್ತು. ರಬ್ ಆದರೆ 20ರಿಂದ 30 ಸೆಕೆಂಡ್, ನೀರು ಸೊನ್ನೆ. ಆ ಬಕೆಟ್ಟನ್ನು ಹಾಗೇ ಎತ್ತಿಕೊಂಡು ಅಕೌಂಟ್ಸ್ ರೂಮಿಗೆ ಹೋದೆ. ಮೇಜಿನ ಪಕ್ಕ ಇಟ್ಟೆ. "ಇದು ಐದು ಜನ ಒಂದು ಸಲ ಕೈ ತೊಳೆದ ನೀರು ಸರ್" ಅಂದೆ. ಫೈಲಿಗೆ ಸಹಿ ಬಿದ್ದಿದ್ದು ಹಾಗೆ.

ಆದರೂ ಸಿಸ್ಟರ್‌ಗಳು ಸಿಂಕಿಗೆ ಓಡೋದು ನಿಲ್ಲಲಿಲ್ಲ. ಕೈಗೆ ರಬ್ ಹಾಕಿದರೆ ಹಿಟ್ಟು ಕಲಸಿದ ಹಾಗೆ ಆಗುತ್ತೆ ಅಂದರು. ಒಬ್ಬಳ ಕೈ ಹಿಡಿದು ನೋಡಿದೆ. ಬೆರಳ ಸಂದಿಯಲ್ಲಿ ಬಿಳಿ ಪೇಸ್ಟು. ಗ್ಲೌಸಿನ ಪೌಡರ್! ಪೌಡರ್ ಇಲ್ಲದ ಗ್ಲೌಸ್‌ಗೆ ಬದಲಾಯಿಸಿದೆವು. ಜೋಡಿಗೆ ಒಂದು, ಒಂದೂವರೆ ರೂಪಾಯಿ ಜಾಸ್ತಿ ಬಿತ್ತು. ಇನ್ನೊಂದು ತೊಂದರೆ ನಿಷ್ಠೆಯಿಂದ ಆಗಿದ್ದು. ಒಳ್ಳೆಯ ಹುಡುಗಿಯರು ಸೋಪಲ್ಲಿ ತೊಳೆದು, ಅದರ ಮೇಲೆ ರಬ್ ಹಾಕುತ್ತಿದ್ದರು. ಡಿಸೆಂಬರ್ ಚಳಿಗೆ ಕೈ ಒಡೆದು ರಕ್ತ ಬರುತ್ತಿತ್ತು. ಒಡೆದ ಕೈಗೆ ಆಲ್ಕೋಹಾಲ್ ಬಿದ್ದರೆ ಯಾರು ತಡೆದುಕೊಳ್ಳುತ್ತಾರೆ? ಎರಡರಲ್ಲಿ ಒಂದು ಮಾತ್ರ ಅಂತ ಹೇಳಿ ಹೇಳಿ ಬಿಡಿಸಿದೆ. ಕೈಗೆ ಕೊಳೆ, ರಕ್ತ ಕಾಣಿಸಿದರೆ, ಶೌಚಾಲಯಕ್ಕೆ ಹೋಗಿ ಬಂದರೆ, ಸಿ. ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾದ ಭೇದಿಯ ರೋಗಿ ಇದ್ದರೆ ಸೋಪು ನೀರೇ. ಆ ಬ್ಯಾಕ್ಟೀರಿಯಾದ ಸ್ಪೋರು (ಗಟ್ಟಿ ಕವಚದ ಬೀಜದಂಥ ರೂಪ) ಆಲ್ಕೋಹಾಲಿಗೆ ಸಾಯೋದಿಲ್ಲ. ಉಳಿದೆಲ್ಲದಕ್ಕೂ ರಬ್ ಸಾಕು.

ಬಳೆ ವಿಷಯ ಹೇಳಲೇಬೇಕು. ಮೊಳಕೈ ಕೆಳಗೆ ಏನೂ ಇರಬಾರದು ಅನ್ನೋದು ಕಾಗದದಲ್ಲಿ ಸುಲಭ. ನಮ್ಮ ಆಯಮ್ಮಂದಿರು ಹಸಿರು ಗಾಜಿನ ಬಳೆ ತೆಗೆಯೋಕೆ ಒಪ್ಪಲಿಲ್ಲ. ಗಂಡ ಇರೋಳು ಬರಿಗೈಲಿ ಇರಬಾರದು ಅಂದರು. ನಾನು ಜೋರು ಮಾಡಲಿಲ್ಲ. ಹೈಲೈಟರ್ ಇಂಕನ್ನು ಗ್ಲಿಸರಿನ್‌ನಲ್ಲಿ ಕಲಸಿ ಅವರ ಕೈಗೆ ಹಚ್ಚಿದೆ. ತೊಳೆಯದೆ ಉಳಿದ ಜಾಗ ಯುವಿ ಬೆಳಕಿಗೆ ಹೊಳೆಯುತ್ತದೆ. ಎಷ್ಟಕ್ಕೆ ಎಷ್ಟು ಅನ್ನೋದನ್ನು ನೀವೇ ಮಾಡಿ ನೋಡಿ, ನನಗೆ ಹತ್ತು ಸಲ ಬೇಕಾಯಿತು. ಎಸ್.ಪಿ. ರೋಡಲ್ಲಿ ತಂದ ಮೊದಲ ಯುವಿ ಟಾರ್ಚ್ ದಂಡ ಆಯಿತು. 395 ನ್ಯಾನೋಮೀಟರಿನದು, ಬರೀ ನೇರಳೆ ಬೆಳಕು. 365ರದೇ ತಗೊಳ್ಳಿ. ಎಲ್ಲರೂ ಚೆನ್ನಾಗಿ ಕೈ ತೊಳೆದು ಬಂದರು. ಲಿನನ್ ರೂಮಿನ ಲೈಟು ಆರಿಸಿ ಟಾರ್ಚ್ ಹಾಕಿದೆ. ಅಂಗೈ ಕಪ್ಪು, ಬೆರಳು ಕಪ್ಪು. ಮುಂಗೈಯಲ್ಲಿ ಮಾತ್ರ ಬಳೆ ಇದ್ದ ಕಡೆ ಹಳದಿ ಉಂಗುರಗಳು ಹೊಳೆಯುತ್ತಿದ್ದವು, ಒಂದರ ಕೆಳಗೊಂದು. ಯಾರೂ ಮಾತಾಡಲಿಲ್ಲ. ಎಲ್ಲರಿಗಿಂತ ಹಿರಿಯ ಆಯಮ್ಮ ನಿಧಾನಕ್ಕೆ ಬಳೆ ತೆಗೆಯುತ್ತಾ, "ತಾಳಿ ಐತೆ, ಕಾಲುಂಗುರ ಐತೆ. ಎಂಟು ಗಂಟೆ ಬಳೆ ಇಲ್ದಿದ್ರೆ ಏನೂ ಆಗಲ್ಲ, ನಡೀರಿ" ಅಂದರು. ಚಿಕ್ಕಪೇಟೆಯಿಂದ ಎಲ್ಲರಿಗೂ ಒಂದೊಂದು ಸ್ಟೀಲ್ ಡಬ್ಬಿ ತಂದುಕೊಟ್ಟೆ. ಡ್ಯೂಟಿಗೆ ಬಂದ ಕೂಡಲೇ ಬಳೆ ಡಬ್ಬಿಗೆ, ಡಬ್ಬಿ ಲಾಕರ್‌ಗೆ.

ರಬ್ ನಾವೇ ಮಾಡಿಕೊಂಡರೆ ಕಡಿಮೆ ಬೀಳುತ್ತಲ್ಲ ಅಂತ ಕೇಳೋರಿದ್ದಾರೆ. 2020ರ ಮಾರ್ಚ್‌ನಲ್ಲಿ ಅದನ್ನೂ ಮಾಡಿದ್ದೇವೆ. ಆಗ 200 ಎಂ.ಎಲ್.ಗೆ 100 ರೂಪಾಯಿ ಮೀರಬಾರದು ಅಂತ ಸರ್ಕಾರ ಬೆಲೆ ಕಟ್ಟಿತ್ತು, ಆದರೆ ಮಾಲೇ ಸಿಗುತ್ತಿರಲಿಲ್ಲ. ಪೀಣ್ಯದಿಂದ ಐಸೋಪ್ರೊಪೈಲ್ ಆಲ್ಕೋಹಾಲ್ ತರಿಸಿ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ನಮ್ಮ ಫಾರ್ಮಸಿಯವರು ಮಾಡಿದರು. 10 ಲೀಟರಿಗೆ 7,515 ಎಂ.ಎಲ್. ಆಲ್ಕೋಹಾಲ್, 417 ಎಂ.ಎಲ್. ಪೆರಾಕ್ಸೈಡ್, 145 ಎಂ.ಎಲ್. ಗ್ಲಿಸರಿನ್, ಉಳಿದದ್ದು ಡಿಸ್ಟಿಲ್ಡ್ ವಾಟರ್. ಆಮೇಲೆ 72 ಗಂಟೆ ಹಾಗೇ ಬಿಡಬೇಕು. ಕೈ ಮೃದು ಆಗಲಿ ಅಂತ ನಾನು ಗ್ಲಿಸರಿನ್ ಎರಡು ಪಟ್ಟು ಹಾಕಿಸಿದೆ. ಕೈಯೆಲ್ಲ ಅಂಟಂಟು, ಗ್ಲೌಸ್ ಏರಲಿಲ್ಲ. ಇಡೀ ಬ್ಯಾಚ್ ಯಾರೂ ಮುಟ್ಟಲಿಲ್ಲ. ಡ್ರಮ್ಮುಗಟ್ಟಲೆ ಆಲ್ಕೋಹಾಲ್ ಇಟ್ಟುಕೊಂಡು ಬೆಂಕಿಯ ಭಯದಲ್ಲಿ ಇರೋದು ಬೇರೆ. ಮಾರುಕಟ್ಟೆ ಸರಿಹೋದ ಕೂಡಲೇ ನಿಲ್ಲಿಸಿದೆವು.

ಡಾಕ್ಟರುಗಳಿಗೆ ನಾನು ಏನೂ ಹೇಳಲಿಲ್ಲ. ಶನಿವಾರದ ಎಣಿಕೆಯನ್ನು ಅವರ ಕಾಫಿ ರೂಮಿನಲ್ಲಿ, ಯುನಿಟ್‌ವಾರು ಅಂಟಿಸಿದೆ. ಅಷ್ಟೇ. "ನಮ್ಮ ಯುನಿಟ್ ಕೆಳಗಿದೆಯಲ್ಲ" ಅಂತ ಮೂರನೇ ವಾರಕ್ಕೆ ಸರ್ಜನ್ ಒಬ್ಬರು ತಾವಾಗಿಯೇ ಬಂದು ಕೇಳಿದರು.

ಈಗ ತಿಂಗಳಿಗೆ 80 ಬಾಟಲಿ ಹತ್ತಿರ ಹೋಗುತ್ತದೆ. 1,000 ಪೇಷಂಟ್ ಡೇಗೆ 23, 24 ಲೀಟರ್. ರಬ್ ಖರ್ಚು ತಿಂಗಳಿಗೆ ಮೂರು ಸಾವಿರದಿಂದ ಹನ್ನೊಂದು ಸಾವಿರಕ್ಕೆ ಏರಿತು. ಐಸಿಯು ಲೈನ್ ಇನ್ಫೆಕ್ಷನ್ ಮೊದಲು ವರ್ಷಕ್ಕೆ ಎಂಟೋ ಒಂಬತ್ತೋ ಇತ್ತು, ಕಳೆದ ಹನ್ನೆರಡು ತಿಂಗಳಲ್ಲಿ ಮೂರು. ಲೈನ್ ಹಾಕುವಾಗ ಪಾಲಿಸೋ ಕ್ರಮಗಳು (ಬಂಡಲ್) ಅದೇ, ಚರ್ಮ ಶುದ್ಧ ಮಾಡೋ ಕ್ಲೋರ್‌ಹೆಕ್ಸಿಡಿನ್ ಅದೇ, ಡ್ರೆಸಿಂಗ್ ಅದೇ. ಬದಲಾಗಿದ್ದು ಕೈ. ಒಂದು ಇನ್ಫೆಕ್ಷನ್ ಆದರೆ ರೋಗಿ ಏನಿಲ್ಲವೆಂದರೂ ವಾರ ಜಾಸ್ತಿ ಇರುತ್ತಾನೆ, ಮೆರೊಪೆನೆಮ್, ಕೊಲಿಸ್ಟಿನ್ ಅಂತ ಆಂಟಿಬಯಾಟಿಕ್‌ಗಳ ಬಿಲ್ಲು ಲಕ್ಷ ಮುಟ್ಟುತ್ತದೆ. ಚಿಕಿತ್ಸೆಗೆ ಇಷ್ಟೇ ಅಂತ ಸರ್ಕಾರ ದುಡ್ಡು ಕೊಡೋ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಪ್ಯಾಕೇಜಿನ ರೋಗಿ ಆದರೆ ಆ ಹೆಚ್ಚಿನ ಖರ್ಚು ಆಸ್ಪತ್ರೆ ಮೇಲೇ. ಇಂಥ ಒಂದು ತಪ್ಪಿದರೆ ವರ್ಷಕ್ಕೆ ಹೆಚ್ಚಾದ ರಬ್ಬಿನ ದುಡ್ಡು ಹುಟ್ಟಿತು. ಅಕೌಂಟ್ಸ್‌ನವರು ಈಗ ಈ ಲೆಕ್ಕವನ್ನು ಬೇರೆಯವರಿಗೆ ತಾವೇ ಹೇಳುತ್ತಾರೆ.

ಡಯಾಲಿಸಿಸ್ ಯುನಿಟ್ ಮಾತ್ರ ಇನ್ನೂ ಬಗ್ಗಿಲ್ಲ. ಅಲ್ಲಿ ಕುರ್ಚಿಗಳು, ಕಾಲು ಕಡೆ ರೇಲೇ ಇಲ್ಲ. ಮಷೀನಿನ ಕಂಬಕ್ಕೆ ಹಾಕಿದರೆ ಟ್ಯೂಬಿಗೆ ತಾಗುತ್ತದೆ, ಪಕ್ಕದ ಟ್ರೇಗೆ ಹಾಕಿದರೆ ಟೆಕ್ನಿಷಿಯನ್ ಬೆನ್ನ ಹಿಂದೆ ಬರುತ್ತದೆ. ಕುರ್ಚಿಯ ಕೈ ಹಿಡಿಗೆ ಸಿಕ್ಕಿಸೋ ಹಾಗೆ ಬಗ್ಗಿಸಿದ ಹೊಸ ಕ್ಲಾಂಪ್ ಎರಡು ಮಾಡಲು ಕೊಟ್ಟಿದ್ದೇನೆ. ಈ ವಾರ ತರುತ್ತೇನೆ.