ಪಾದದ ಬೆವರಿಗೆ ಆಪರೇಷನ್: ಹೂಂ ಅನ್ನೋ ಮುಂಚೆ

ಗಾರೆ ನೆಲದ ಮೇಲೆ ನಡೆದರೆ ಹಿಂದೆ ಒದ್ದೆ ಹೆಜ್ಜೆಗಳ ಸಾಲು, ಹವಾಯಿ ಚಪ್ಪಲಿ ಕಾಲಿಂದ ಜಾರುತ್ತದೆ, ನೆಂಟರ ಮನೆ ಬಾಗಿಲಲ್ಲಿ ಶೂ ಬಿಚ್ಚೋಕೆ ಸಂಕೋಚ. ನಿಮ್ಮದೂ ಇದೇ ಕಥೆನಾ? ಸಣ್ಣ ತೂತಿನ ಮೂಲಕ ಮಾಡುವ ಕೀಹೋಲ್ ಆಪರೇಷನ್ ಇದೆ, ನಿಜ. ಆದರೆ ಅದು ಕೊನೆಯ ಮೆಟ್ಟಿಲು.

ಮೊದಲು ಒಂದು ವಿಷಯ ಗಮನಿಸಿ. ಚಿಕ್ಕಂದಿನಿಂದಲೇ ಎರಡೂ ಪಾದ ಬೆವರಿ, ನಿದ್ದೆಯಲ್ಲಿ ಮಾತ್ರ ಒಣಗಿರುತ್ತದೆ ಅಂದರೆ ಸಾಮಾನ್ಯವಾಗಿ ಬೇರೆ ಕಾಯಿಲೆ ಇರುವುದಿಲ್ಲ. ದೊಡ್ಡವರಾದ ಮೇಲೆ ಇದ್ದಕ್ಕಿದ್ದಂತೆ ಶುರುವಾಗಿದ್ದರೆ, ರಾತ್ರಿ ಮೈಯೆಲ್ಲ ಬೆವರಿದರೆ, ಥೈರಾಯ್ಡ್, ಶುಗರ್ ಪರೀಕ್ಷೆ ಮಾಡಿಸಿ.

ಆಮೇಲೆ ಚರ್ಮದ ಡಾಕ್ಟರು. ಬೆವರು ತಡೆಯುವ ಮದ್ದು, 20% ಅಲ್ಯೂಮಿನಿಯಂ ಕ್ಲೋರೈಡ್ ಕೊಟ್ಟರೆ ರಾತ್ರಿ ಮಲಗುವಾಗ ಹಚ್ಚಿ, ಬೆಳಿಗ್ಗೆ ತೊಳೆಯಿರಿ. ಪಾದ ಪೂರ್ತಿ ಒಣಗಿರಬೇಕು, ಬೆರಳ ಸಂದಿ ಕೂಡ, ಹಸಿ ಇದ್ದರೆ ಉರಿ ತಡೆಯೋಕಾಗಲ್ಲ. ಅದಕ್ಕೂ ಬಗ್ಗದಿದ್ದರೆ ಅಯಾಂಟೋಫೊರೆಸಿಸ್: ನಲ್ಲಿ ನೀರು ತುಂಬಿದ ತಟ್ಟೆಯಲ್ಲಿ ಪಾದ ಇಟ್ಟು ಸಣ್ಣ ಕರೆಂಟ್ ಹಾಯಿಸುತ್ತಾರೆ, ಶುರುವಲ್ಲಿ ವಾರಕ್ಕೆ ಮೂರು ಸಲ, 20-30 ನಿಮಿಷ. ಪೇಸ್‌ಮೇಕರ್ ಇದ್ದವರಿಗೆ, ಗರ್ಭಿಣಿಯರಿಗೆ ಬೇಡ. ಬೆವರು ತಡೆಯುವ ಬೊಟಾಕ್ಸ್ ಇಂಜೆಕ್ಷನ್ ಕೆಲಸ ಮಾಡುತ್ತದೆ, ಆದರೆ ಅಂಗಾಲಿಗೆ ಅಷ್ಟೊಂದು ಸೂಜಿ, ಅಬ್ಬಾ. ಬೆವರು ಕಡಿಮೆ ಮಾಡುವ ಆಕ್ಸಿಬ್ಯುಟಿನಿನ್ ಮಾತ್ರೆಯೂ ಇದೆ, ಆದರೆ ಬಾಯಿ ಒಣಗುತ್ತದೆ.

ಯಾವುದೂ ನಡೆಯಲಿಲ್ಲ ಅಂದರೆ ಆಗ ಆಪರೇಷನ್ ಮಾತು. ಹೆಸರು ಎಂಡೋಸ್ಕೋಪಿಕ್ ಲಂಬಾರ್ ಸಿಂಪಥೆಕ್ಟಮಿ. ಸೊಂಟದ ಮಟ್ಟದಲ್ಲಿ ಬೆನ್ನುಮೂಳೆಯ ಎರಡೂ ಪಕ್ಕ ಬೆವರಿಗೆ ಆರ್ಡರ್ ಕೊಡುವ ನರದ ಸರಪಳಿ ಇರುತ್ತದೆ. ಪೂರ್ತಿ ಮಂಪರು ಕೊಟ್ಟು, ಹೊಟ್ಟೆಯ ಪಕ್ಕದಲ್ಲಿ ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಸಾಮಾನ್ಯವಾಗಿ ಎಲ್3 (ಸೊಂಟದ ಬೆನ್ನುಮೂಳೆಗಳಲ್ಲಿ ಮೇಲಿನಿಂದ ಮೂರನೆಯದು) ಸುತ್ತಮುತ್ತ ಅದನ್ನು ಕತ್ತರಿಸುತ್ತಾರೆ ಇಲ್ಲವೇ ಕ್ಲಿಪ್ ಹಾಕುತ್ತಾರೆ. ಕೈ ಬೆವರಿಗೆ ಎದೆ ಮೂಲಕ ಮಾಡುವುದು ಬೇರೆ, ಅದರಿಂದ ಪಾದ ಒಣಗುತ್ತದೆ ಅಂತ ನಂಬಿ ಹೋಗಬೇಡಿ.

ಸರ್ಜನ್ ಹತ್ತಿರ ನಾಚಿಕೊಳ್ಳದೆ ಕೇಳಿ: ಈ ಆಪರೇಷನ್ ನೀವೇ ಎಷ್ಟು ಮಾಡಿದ್ದೀರಿ? ಯಾವ ಮಟ್ಟದಲ್ಲಿ ಕತ್ತರಿಸುತ್ತೀರಿ? ಗಂಡಸರು ಇದನ್ನು ಕೇಳಲೇಬೇಕು, ಯಾಕೆಂದರೆ ಮೇಲಿನ ಎಲ್1, ಎಲ್2 ಮಟ್ಟದ ನರ ಎರಡೂ ಕಡೆ ಕತ್ತರಿಸಿ ಹೋದರೆ ವೀರ್ಯ ಹೊರಬರುವುದಕ್ಕೆ ತೊಂದರೆ ಆಗಬಹುದು. ಪಾದದಲ್ಲಿ ನಿಂತ ಬೆವರು ಬೆನ್ನಲ್ಲೋ ಹೊಟ್ಟೆಯಲ್ಲೋ ತೊಡೆಯಲ್ಲೋ ಜಾಸ್ತಿಯಾಗಬಹುದು, ಕ್ಲಿಪ್ ತೆಗೆದರೂ ಅದು ಹಿಂದಕ್ಕೆ ಹೋಗುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ಕೆಲವರಿಗೆ ವಾರಗಟ್ಟಲೆ ತೊಡೆ ನೋವೂ ಇರುತ್ತದೆ.

ಸರಿಯಾಗಿ ಆದರೆ ಮಂಪರು ಇಳಿಯುವಷ್ಟರಲ್ಲೇ ಪಾದ ಬೆಚ್ಚಗೆ, ಒಣಗಿರುತ್ತದೆ. ಆಮೇಲೆ ಹಿಮ್ಮಡಿ ಒಡೆಯೋಕೆ ಶುರುವಾದರೆ ಗಾಬರಿ ಬೇಡ, ರಾತ್ರಿ ಸ್ವಲ್ಪ ವ್ಯಾಸಲೀನ್ ಹಚ್ಚಿ.