ರೇಟು ಬಿದ್ದಾಗ ಗುಜರಿ ಅಂಗಡಿ ನಡೆಸಿದ್ದು

ಚಿಕ್ಕಮಗಳೂರಿನಲ್ಲಿ ಗುಜರಿ ಅಂಗಡಿ ಇಟ್ಟುಕೊಂಡು ರೇಟು ನಾವೇ ಕಟ್ಟುತ್ತೇವೆ ಅಂದುಕೊಂಡರೆ ಅದು ಭ್ರಮೆ. ರಟ್ಟಿನ ರೇಟು ನಂಜನಗೂಡು, ಬೆಂಗಳೂರು ಕಡೆಯ ಪೇಪರ್ ಮಿಲ್ಲಿನವರು ಹೇಳಿದ್ದು. ಕಬ್ಬಿಣದ್ದು ಹಿಂದೂಪುರದಲ್ಲಿ ಅದನ್ನು ಕರಗಿಸುವ ಫರ್ನೇಸ್‌ನವರದು. ಪೆಟ್ ಅಂದರೆ ನೀರಿನ ಪ್ಲಾಸ್ಟಿಕ್ ಬಾಟಲಿಗೆ ಬೆಂಗಳೂರಿನ ನಾಯಂಡಹಳ್ಳಿಯ ಪ್ಲಾಸ್ಟಿಕ್ ಮರುಬಳಕೆಯವರದು. ತಾಮ್ರದ ರೇಟಂತೂ ಲಂಡನ್ನಿನ ಲೋಹದ ಮಾರುಕಟ್ಟೆಯಲ್ಲಿ ಹುಟ್ಟಿ, ಬೆಂಗಳೂರಿನ ಗುಜರಿ ಪೇಟೆ ಜಾಲಿ ಮೊಹಲ್ಲಾ ದಾಟಿ ನನ್ನ ಫೋನಿಗೆ ಬರುತ್ತದೆ. ಮಾಲನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು, ತಂದುಕೊಡುವವರಿಗೆ ಎಷ್ಟು ಕೊಡಬೇಕು, ಇಷ್ಟೇ ನನ್ನ ಕೈಯಲ್ಲಿರುವುದು. ಅಪ್ಪ ಸೈಕಲ್ಲಿಗೆ ಗೋಣಿಚೀಲ ಕಟ್ಟಿಕೊಂಡು ಆಲ್ದೂರು ಕಡೆಯ ತೋಟಗಳ ಲೈನ್ ಮನೆ ಸುತ್ತಿ ಶುರು ಮಾಡಿದ ವ್ಯಾಪಾರವನ್ನು ನಾನು ಇಲ್ಲಿಯವರೆಗೆ ತಂದದ್ದು ಈ ಎರಡು ಲೆಕ್ಕದ ಮೇಲೆ.

ನಾನು ತಕ್ಕಡಿ ಹಿಡಿದ ಹೊಸದರಲ್ಲೇ ಕಾಫಿ ರೇಟು ನೆಲ ಕಚ್ಚಿತು. 2001, 2002ರ ಆ ಕಾಲ ನೆನಪಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ಕೊಯ್ಲಿನ ಕೂಲಿಯೂ ಹುಟ್ಟದ ವರ್ಷಗಳು. ಅಂಗಡಿಗೆ ಮಾತ್ರ ಮಾಲು ಬಂದೇ ಬಂತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೇ ಪಲ್ಪರ್, ಬೀಡು ಕಬ್ಬಿಣದ ಚಕ್ರ, ತುಂತುರು ನೀರಾವರಿಯ ಅಲ್ಯೂಮಿನಿಯಂ ಪೈಪು. ಧಣಿಗಳು ತಾವು ಬರುತ್ತಿರಲಿಲ್ಲ, ತೋಟದ ಲೆಕ್ಕ ಬರೆಯುವ ರೈಟರ್ ಕೈಲಿ ಕಳಿಸುತ್ತಿದ್ದರು, ಅದೂ ಮಬ್ಬುಗತ್ತಲಾದ ಮೇಲೆ. ಆಮೇಲೆ ಮನೆಗಳಿಂದ ಹಿತ್ತಾಳೆ ಹಂಡೆ, ಕೊಳಗ, ತಾಮ್ರದ ಬಿಂದಿಗೆ ಬರತೊಡಗಿದವು.

ಈಗ ಇದಕ್ಕೆ ತದ್ವಿರುದ್ಧವಾದ ಕಾಲ ನೋಡಿ. 2025ರ ಆರಂಭದಲ್ಲಿ ಸಿಪ್ಪೆ ಬಿಡಿಸಿ ಒಣಗಿಸಿದ ಅರೇಬಿಕಾ ಕಾಫಿಯ, ಅಂದರೆ ಪಾರ್ಚ್‌ಮೆಂಟಿನ, 50 ಕೆ.ಜಿ. ಮೂಟೆ 20,000 ರೂಪಾಯಿ ದಾಟಿತು. ಆಗಲೂ ಪೈಪು ಬಂತು! ಹೊಸದು ಹಾಕಿಸಿ ಹಳೆಯದನ್ನು ಕಳಿಸಿದರು. ಹಾಗಾಗಿ ಪೈಪು ಬಂತೆಂದು ಊರಿನ ಸ್ಥಿತಿ ಹೇಳಲಾಗದು, ಅದರ ಜೊತೆ ಏನು ಬಂತು ನೋಡಬೇಕು. ಪೈಪಿನ ಜೊತೆ ಫ್ರಿಜ್ಜಿನ ರಟ್ಟು, ಟೈಲ್ಸ್ ಬಾಕ್ಸ್, ಪೇಂಟ್ ಡಬ್ಬ, ಮಾಡಿನಿಂದ ಇಳಿಸಿದ ತಗಡು ಬಂದರೆ ದುಡ್ಡು ಓಡಾಡುತ್ತಿದೆ ಎಂದರ್ಥ. ಹಂಡೆ ಬಂದರೆ ಮನೆಯೊಳಗೆ ಕಷ್ಟ ಬಂದಿದೆ. ಹಂಡೆ ಬರತೊಡಗಿದ ತಿಂಗಳಿಂದ ನಾನು ಯಾರಿಗೂ ಸಾಲಕ್ಕೆ ಮಾಲು ಕೊಡುವುದಿಲ್ಲ, ಕೈಯಲ್ಲಿ ನಗದು ಉಳಿಸಿಕೊಳ್ಳುತ್ತೇನೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ.

ಲೋಹದ ವಿಷಯದಲ್ಲಿ ನನ್ನ ಕಟ್ಟುನಿಟ್ಟು 2008ರಿಂದ ಬಂದದ್ದು. ಆ ಜುಲೈನಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ತಾಮ್ರ ಟನ್ನಿಗೆ 8,900 ಡಾಲರ್ ಆಸುಪಾಸಿನಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕು ಮುಳುಗಿತು, ಡಿಸೆಂಬರ್ ಕೊನೆಗೆ ಅದೇ ತಾಮ್ರ 3,000ಕ್ಕಿಂತ ಕೆಳಗೆ. ನಮ್ಮೂರಲ್ಲಿ ತಾಮ್ರ ಬರುವುದು ಹೆಚ್ಚಾಗಿ ಮೋಟಾರ್ ವೈಂಡಿಂಗ್ ಅಂಗಡಿಗಳಿಂದ, ತೋಟದ ಪಂಪ್‌ಸೆಟ್ ಸುಟ್ಟಾಗ ಬಿಚ್ಚಿದ ತಂತಿ. ಅಮೆರಿಕದ ಬ್ಯಾಂಕಿಗೂ ಮೂಡಿಗೆರೆಯ ಸುಟ್ಟ ಮೋಟಾರಿಗೂ ಏನು ಸಂಬಂಧ ಅಂತ ವೈಂಡಿಂಗ್‌ನವರು ಕೇಳಿದರು. ಸಂಬಂಧ ಇತ್ತು: ಮಾಲು ಕೊಳ್ಳುವ ಬೆಂಗಳೂರಿನ ಪಾರ್ಟಿಗಳು ಫೋನ್ ಎತ್ತುವುದನ್ನೇ ನಿಲ್ಲಿಸಿದ್ದರು. ರೇಟು ಏರುತ್ತದೆಂದು ಕೂಡಿಟ್ಟಿದ್ದ ದೊಡ್ಡ ವ್ಯಾಪಾರಿಗಳು ಸುತ್ತಮುತ್ತ ಕೆಲವರು ಅಂಗಡಿ ಮುಚ್ಚಿದರು. ಅಪ್ಪನಿಗೆ ಕೂಡಿಡುವ ಶಕ್ತಿಯೇ ಇರಲಿಲ್ಲ, ಬಂದದ್ದನ್ನು ಆ ವಾರವೇ ಕಳಿಸುತ್ತಿದ್ದರು. ಬಡತನದ ಆ ಅಭ್ಯಾಸವನ್ನು ನಾನು ಶಕ್ತಿ ಬಂದ ಮೇಲೂ ಬಿಡಲಿಲ್ಲ.

ರಟ್ಟಿಗೆ ಈ ಸೂತ್ರ ನಡೆಯುವುದಿಲ್ಲ. ಮಲೆನಾಡಿನಲ್ಲಿ ಕೂತು ರಟ್ಟಿನ ವ್ಯಾಪಾರ ಮಾಡುವವನಿಗೆ ಮಿಲ್ಲಿಗಿಂತ ದೊಡ್ಡ ಧಣಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಟ್ಟು ಗಾಳಿಯಿಂದಲೇ ನೀರು ಹೀರುತ್ತದೆ. ಮಿಲ್ಲಿನವರು ರಟ್ಟಿನ ಹೊರೆಯೊಳಗೆ ಮೀಟರಿನ ಮುಳ್ಳು ಚುಚ್ಚಿ ತೇವ ನೋಡುತ್ತಾರೆ, ಮಿತಿ ಮೀರಿದಷ್ಟನ್ನೂ ತೂಕದಲ್ಲಿ ಕಡಿಯುತ್ತಾರೆ. ನಾನು ತೂಗಿ ದುಡ್ಡು ಕೊಟ್ಟದ್ದರಲ್ಲಿ ಒಂದು ಪಾಲು ನೀರು, ಅಲ್ಲಿ ಆ ನೀರಿಗೆ ಬೆಲೆಯಿಲ್ಲ. ಇನ್ನೊಂದು ಕಾಟ ಲಾರಿಯದು. ಬಿಡಿ ರಟ್ಟು ತುಂಬಿದರೆ ಲಾರಿ ಗಾತ್ರದಲ್ಲಿ ತುಂಬುತ್ತದೆ, ತೂಕದಲ್ಲಿ ತುಂಬುವುದಿಲ್ಲ. ಬಾಡಿಗೆ ಮಾತ್ರ ಪೂರ್ತಿ. ಆದ್ದರಿಂದ ಮುದ್ರಾ ಸಾಲ ತೆಗೆದು ರಟ್ಟನ್ನು ಒತ್ತಿ ಹೊರೆ ಕಟ್ಟುವ ಒಂದು ಬೇಲಿಂಗ್ ಪ್ರೆಸ್ ಹಾಕಿಸಿದೆ. ಅಂಗಡಿಯ ಹಿಂದೆ ನೆಲದಿಂದ ಮೊಣಕಾಲೆತ್ತರಕ್ಕೆ ಅಡಿಕೆ ದಬ್ಬೆಯ ಅಟ್ಟ ಕಟ್ಟಿ, ಮೇಲೆ ತಗಡು, ಸುತ್ತ ಗಾಳಿಗೆ ಬಯಲು. ಟಾರ್ಪಾಲ್ ಮುಚ್ಚಿದರೆ ಒಳಗೇ ಬೆವರಿ ಬೂಸಲು ಹಿಡಿಯುತ್ತದೆ, ಮುಚ್ಚಬಾರದು. ಪ್ರೆಸ್ ಬಂದ ಮೇಲೆ ಅದೇ ಲಾರಿಗೆ ಎರಡರಷ್ಟಕ್ಕೂ ಹೆಚ್ಚು ತೂಕ ಹೋಗುತ್ತದೆ. ಊರಿಗೆ ಸಾಮಾನು ಇಳಿಸಿ ಖಾಲಿ ವಾಪಸಾಗುವ ಲಾರಿಗಳನ್ನೇ ಹಿಡಿಯುತ್ತೇನೆ. ಕಾಫಿ ಸಾಗಣೆಯ ಜನವರಿ, ಫೆಬ್ರವರಿಯಲ್ಲಿ ಅವು ಸಿಗುವುದು ಕಷ್ಟ, ಅದಕ್ಕೆ ಮುಂಚೆಯೇ ಅಟ್ಟ ಖಾಲಿ ಮಾಡಿಕೊಳ್ಳಬೇಕು.

ರಟ್ಟು, ರದ್ದಿಯ ರೇಟು ಚೀನಾಕ್ಕೆ ಅಂಟಿಕೊಂಡಿದೆ ಎಂದು ಗೊತ್ತಾಗಿದ್ದು 2018ರಲ್ಲಿ. ಆ ವರ್ಷದಿಂದ ಚೀನಾ ಹೊರದೇಶದ ವಿಂಗಡಿಸದ ರದ್ದಿಯನ್ನು ಒಳಗೆ ಬಿಡುವುದು ನಿಲ್ಲಿಸಿತು, ಉಳಿದದ್ದಕ್ಕೂ ಬಿಗಿ ಮಾಡಿತು. ಅಲ್ಲಿಗೆ ಹೋಗುತ್ತಿದ್ದ ಅಮೆರಿಕ, ಯುರೋಪಿನ ರದ್ದಿಯ ಒಂದು ಪಾಲು ಇಂಡಿಯಾದ ಬಂದರುಗಳ ಕಡೆ ತಿರುಗಿತು. ಅಗ್ಗದ ವಿದೇಶಿ ರದ್ದಿ ಸಿಗುವಾಗ ಮಿಲ್ಲಿನವರಿಗೆ ನಮ್ಮ ಒದ್ದೆ ರಟ್ಟು ಯಾಕೆ ಬೇಕು? 2021ರಲ್ಲಿ ಉಲ್ಟಾ ಆಯಿತು: ಕಂಟೇನರ್ ಸಿಗದೆ ಆಮದು ಸೊರಗಿತು, ಲಾಕ್‌ಡೌನಿನಲ್ಲಿ ಪೇಪರು ಕಡಿಮೆ ಅಚ್ಚಾಗಿದ್ದರಿಂದ ಮನೆಗಳಲ್ಲೂ ರದ್ದಿ ಇರಲಿಲ್ಲ, ರಟ್ಟು ಹೆಚ್ಚೂಕಮ್ಮಿ ದುಪ್ಪಟ್ಟಾಯಿತು.

ಪ್ಲಾಸ್ಟಿಕ್ಕಿನ ಕಥೆ ಕಚ್ಚಾ ತೈಲದ್ದು. 2020ರ ಏಪ್ರಿಲ್‌ನಲ್ಲಿ ತೈಲ ಪಾತಾಳ ಕಂಡಾಗ ಹೊಸ ಪ್ಲಾಸ್ಟಿಕ್ ಹರಳೇ ಅಗ್ಗವಾಯಿತು. ಹಳೇ ಬಾಟಲಿ ತೊಳೆದು ಕುಟ್ಟಿ ಕರಗಿಸುವವನಿಗೆ ಏನೂ ಗಿಟ್ಟುವುದಿಲ್ಲ. ನಮಗೆ ಆಗ ಬಾಟಲಿಯೂ ಇರಲಿಲ್ಲ ಬಿಡಿ. ಕೈಮರ ಚೆಕ್‌ಪೋಸ್ಟಿನಿಂದ ಮುಳ್ಳಯ್ಯನಗಿರಿಗೆ ಪ್ರವಾಸಿಗರೇ ಹತ್ತದಿದ್ದರೆ ಪೆಟ್ ಎಲ್ಲಿಂದ ಬರಬೇಕು? ಮಾಮೂಲಿ ದಿನಗಳಲ್ಲಿ ಸೋಮವಾರ ಬೆಳಿಗ್ಗೆ ನನ್ನ ಅಂಗಳ ಬಾಟಲಿಯಿಂದ ತುಂಬಿರುತ್ತದೆ, ನೀರಿನದೂ ಬಿಯರಿನದೂ.

2016ರ ನವೆಂಬರ್ ಬಗ್ಗೆ ಒಂದೇ ಮಾತು: ಪೂರ್ತಿ ನಗದಿನಲ್ಲಿ ನಡೆಯುವ ವ್ಯಾಪಾರಕ್ಕೆ 500, 1,000ದ ನೋಟು ಹೋದರೆ ಏನಾಗಬೇಕೋ ಅದೇ ಆಯಿತು. ಪಕ್ಕದ ದಿನಸಿ ಅಂಗಡಿಯಲ್ಲಿ ನನ್ನ ಲೆಕ್ಕಕ್ಕೆ ಬರೆಸಿ, ಬೀದಿಯಲ್ಲಿ ಗುಜರಿ ಆಯ್ದು ತರುವವರಿಗೆ ಅಕ್ಕಿ ಬೇಳೆ ಕೊಡಿಸಿದೆ.

ಆಯುವವರ ವಿಷಯ ನಿಧಾನವಾಗಿ ಹೇಳಬೇಕು. ಆರ್ಥಿಕ ಸ್ಥಿತಿ ಹದಗೆಟ್ಟಾಗ ಗುಜರಿ ರೇಟು ಬೀಳುತ್ತದೆ, ಅದು ಎಲ್ಲರಿಗೂ ಗೊತ್ತು. ಅದೇ ಹೊತ್ತಿಗೆ ಚೀಲ ಹಿಡಿದು ಬೀದಿಗೆ ಇಳಿಯುವವರು ಹೆಚ್ಚುತ್ತಾರೆ. ಗಾರೆ ಕೆಲಸ ನಿಂತವರು, ಕೊಯ್ಲು ಮುಗಿದು ತೋಟದಿಂದ ಹೊರಬಿದ್ದವರು. ಇರುವ ಬಾಟಲಿಗೆ ಆಯುವ ಕೈ ಹೆಚ್ಚು, ಸಿಕ್ಕಿದ್ದಕ್ಕೆ ಬೆಲೆ ಕಡಿಮೆ, ಹೀಗೆ ಅವರಿಗೆ ಎರಡೇಟು. ನಗರಸಭೆಯ ಆಟೋ ಮನೆ ಬಾಗಿಲಿಗೇ ಬಂದು ಒಣಕಸ ಎತ್ತತೊಡಗಿದ ಮೇಲೆ ಬೀದಿಯಲ್ಲಿ ಸಿಗುವುದೂ ಇಳಿದಿದೆ. ಇಪ್ಪತ್ತು ವರ್ಷದಿಂದ ನಮ್ಮಲ್ಲಿಗೇ ಹಾಕುವ ಅಕ್ಕ ಒಬ್ಬರಿದ್ದಾರೆ. ರೇಟು ಇಳಿದ ದಿನ ಅವರದ್ದು ಒಂದೇ ಪ್ರಶ್ನೆ:

"ನಿನ್ನೆ ಹನ್ನೆರಡು ಕೊಟ್ಟೆ, ಇವತ್ತು ಹನ್ನೊಂದು ಅಂತೀಯಲ್ಲ ತಮ್ಮಾ, ರಾತ್ರೋರಾತ್ರಿ ರಟ್ಟು ಕೆಟ್ಟೋಯ್ತಾ?"

"ಮಿಲ್ಲಿನೋರು ಮೂರು ಇಳಿಸಿದಾರೆ ಅಕ್ಕ, ನಾನು ಒಂದೇ ಇಳಿಸಿರೋದು."

"ಏರಿಸಿದಾಗ ಮೂರೂ ಕೊಟ್ಟಿದ್ದಾ?"

ಕೊಟ್ಟಿರುವುದಿಲ್ಲ. ಅದೇ ನನ್ನ ಪದ್ಧತಿ, ಅವರಿಗೂ ಗೊತ್ತು. ಮಿಲ್ಲು ಮೂರು ರೂಪಾಯಿ ಏರಿಸಿದರೆ ನಾನು ಮೊದಲು ಒಂದು ಏರಿಸುತ್ತೇನೆ, ಕೆಲವು ದಿನ ಬಿಟ್ಟು ಇನ್ನೊಂದು. ಇಳಿಯುವಾಗಲೂ ಹಾಗೇ ಮೆಲ್ಲಗೆ. ಏರುವಾಗ ಉಳಿದದ್ದು ಇಳಿಯುವಾಗ ಹೋಗುತ್ತದೆ. ಪಕ್ಕದ ಅಂಗಡಿಯವನು ಏರಿದ ದಿನವೇ ಪೂರ್ತಿ ಕೊಟ್ಟು ಜನ ಸೆಳೆಯುತ್ತಾನೆ, ಇಳಿದ ದಿನ ಅರ್ಧಕ್ಕೆ ತರುತ್ತಾನೆ. ಬಾಡಿಗೆ, ಕರೆಂಟು, ಪ್ರೆಸ್ಸಿನ ಕಂತು ರೇಟಿನ ಜೊತೆ ಇಳಿಯುವುದಿಲ್ಲವಾದ್ದರಿಂದ ಕೊಂಡ ರೇಟಿಗೂ ಮಾರಿದ ರೇಟಿಗೂ ನಡುವಿನ ನನ್ನ ಅಂತರವನ್ನು ಶೇಕಡಾ ಲೆಕ್ಕದಲ್ಲಿ ಇಡದೆ ಕೆ.ಜಿ.ಗೆ ಇಷ್ಟು ರೂಪಾಯಿ ಎಂದು ಇಟ್ಟುಕೊಂಡಿದ್ದೇನೆ. ರೇಟು ತೀರಾ ಬಿದ್ದಾಗ ಆ ಅಂತರವೂ ಕರಗುತ್ತದೆ. ಆಗಲೂ ತಕ್ಕಡಿ ನಿಲ್ಲಿಸಬಾರದು. ಒಮ್ಮೆ ಬಾಗಿಲಿಂದ ವಾಪಸು ಹೋದ ಚೀಲ ಮತ್ತೆ ಈ ಕಡೆ ಬರುವುದಿಲ್ಲ.

ಜೂನ್ ತಿಂಗಳು ಮಾತ್ರ ಇವತ್ತಿಗೂ ಹಿಂಡುತ್ತದೆ. ಶಾಲೆ ಶುರು, ಫೀಸು, ನೋಟ್‌ಬುಕ್ಕು. ಎಲ್ಲರೂ ಮುಂಗಡ ಕೇಳುವುದು ಆಗಲೇ. ಅಟ್ಟದ ಮೇಲಿನ ರಟ್ಟು ಒಣಗದೆ ದುಡ್ಡು ಸಿಕ್ಕಿಹಾಕಿಕೊಳ್ಳುವುದೂ ಆಗಲೇ. ಏಪ್ರಿಲ್, ಮೇನಲ್ಲಿ ಪರೀಕ್ಷೆ ಮುಗಿದು ಬರುವ ಹಳೇ ಪುಸ್ತಕದ ರದ್ದಿಯನ್ನು ಬಿಸಿಲಿರುವಾಗಲೇ ಮಾರಿ, ಆ ಹಣವನ್ನು ಮುಂಗಡಕ್ಕೆಂದೇ ಬೇರೆ ಇಡುತ್ತೇನೆ. ಬಡ್ಡಿ ಹಾಕುವುದಿಲ್ಲ. ಆದರೆ ಹಿಂದಿನದು ತೀರದೆ ಹೊಸದಿಲ್ಲ.

2024ರ ಅಕ್ಟೋಬರ್ 10ರಿಂದ ಲೋಹದ ಗುಜರಿಗೆ ಹೊಸ ಜಿಎಸ್‌ಟಿ ನಿಯಮ ಬಂದಿದೆ. ನೋಂದಣಿ ಇಲ್ಲದವನಿಂದ ನೋಂದಣಿ ಇರುವವನು ಕೊಂಡರೆ ತೆರಿಗೆಯನ್ನು ಕೊಂಡವನೇ ಕಟ್ಟಬೇಕು. ನೋಂದಣಿ ಇರುವ ಇಬ್ಬರ ನಡುವೆ ವ್ಯವಹಾರ ಎರಡೂವರೆ ಲಕ್ಷ ದಾಟಿದರೆ ಕೊಂಡವನು ದುಡ್ಡು ಕೊಡುವಾಗಲೇ ಶೇ. 2 ತೆರಿಗೆ ಕಡಿಯಬೇಕು. ನನಗೆ ನೋಂದಣಿ ಇದೆ. ತೋಟದ ರೈಟರ್ ತಂದ ಪೈಪಿಗೂ ವೈಂಡಿಂಗ್‌ನವರ ತಂತಿಗೂ ಈಗ ನಾನೇ ಚೀಟಿ ಬರೆದು ಶೇ. 18 ನಗದಾಗಿ ಕಟ್ಟುತ್ತೇನೆ. ಆಮೇಲೆ ಮಾರುವಾಗ ಕಟ್ಟಬೇಕಾದ ತೆರಿಗೆಗೆ ಅದು ಹೊಂದಿಕೆಯಾಗುತ್ತದೆ. ಅಲ್ಲಿಯವರೆಗೆ ಆ ಹಣ ನನ್ನದಲ್ಲ. ಇದರಿಂದ ತಾಮ್ರ, ಅಲ್ಯೂಮಿನಿಯಂ ಇಟ್ಟುಕೊಳ್ಳುವುದು ಇನ್ನೂ ದುಬಾರಿ, ವಾರಕ್ಕೊಮ್ಮೆ ಕಳಿಸುತ್ತಿದ್ದುದನ್ನು ಎರಡು ಸಲ ಮಾಡಿದ್ದೇನೆ. ನಾನು ಧೈರ್ಯವಾಗಿ ಕೂಡಿಡುವುದು ಬಿಯರ್ ಬಾಟಲಿ ಒಂದನ್ನೇ. ಮಳೆಗೆ ಕೆಡುವುದಿಲ್ಲ, ಒಡೆಯದಿದ್ದರೆ ತೊಳೆದು ಮತ್ತೆ ತುಂಬುತ್ತಾರೆ, ಹಬ್ಬದ ರಜೆಗಳ ಮುಂಚೆ ಕೇಳಿಕೊಂಡು ಬರುತ್ತಾರೆ.